ಕಿವಿಯಿಂದ ನೋಡಿದ ಕಡಲು

ಅಟ್ಲಾಂಟಿಕ್ ಸಾಗರವನ್ನು ನಾನು ಕಿವಿಯಿಂದ ನೋಡಿದ್ದೇನೆ. ಐರ್ಲೆಂಡಿನಲ್ಲಿ ಡಬ್ಲಿನ್ ಪಕ್ಕದ ಆಡಮ್ಸ್‌ಟೌನಿಗೆ ಬಂದು ಇಷ್ಟು ವರ್ಷವಾದರೂ ಆ ಕಡೆ ಹೋಗಿರಲಿಲ್ಲ. ಒಮ್ಮೆ ಗಾಳಿಯ ಭಯ, ಒಮ್ಮೆ ಟೈರಿನ ಭಯ. ಐವತ್ತು ಹತ್ತಿರವಾದಂತೆ, ಇನ್ನು ನೋಡುವುದೇ ಇಲ್ಲವೇನೋ ಎಂಬ ಹೊಸ ಭಯ ಹುಟ್ಟಿತು. ಹಾಗಾಗಿ ಡಿಸೆಂಬರಿನ ಒಂದು ಶನಿವಾರ ಗೆಳೆಯ ಗುರುವಿನ ಕಾರಿನಲ್ಲಿ ದೇಶದ ಆಚೆ ತುದಿಯ ಸ್ಲೈಗೋ ಕಡಲತೀರಕ್ಕೆ ಹೊರಟೆ. ಚಳಿಗಾಲದಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಅಷ್ಟರೊಳಗೆ ತಲುಪಬೇಕು, ಇಷ್ಟೇ ನಮ್ಮ ಯೋಜನೆ.

ಅರ್ಧ ದಾರಿಯಲ್ಲಿ ಗುರು ಕೇಳಿದ: "ಪದ್ಮಕ್ಕ ಅಲ್ಲೇ ಅಲ್ವೇನೋ ಇರೋದು?"

ಪದ್ಮಕ್ಕ ಹಿಂದೆ ನಮ್ಮ ಪಕ್ಕದ ಮನೆಯವರು. ಸ್ಲೈಗೋ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಹೋದವರು. ಸುಮ್ಮನಿರಬಹುದಿತ್ತು. ಆದರೆ ಕಡಲತೀರದಲ್ಲಿ ಅವರೇ ಎದುರಾಗಿ "ಮನೆಗೂ ಬರ್ಲಿಲ್ವಲ್ಲಪ್ಪಾ" ಎಂದರೆ? "ಒಂದು ಫೋನ್ ಹಾಕು. ಐದು ನಿಮಿಷ ಮುಖ ತೋರಿಸಿ ಹೊರಡೋಣ," ಎಂದೆ.

ಮೊದಲೇ ಫೋನ್ ಮಾಡಿ ಹೋಗುವುದು ಸಭ್ಯತೆ ಎಂದು ಐರಿಷರು ತಿಳಿದಿದ್ದಾರೆ. ನಮ್ಮವರಿಗೆ ಫೋನ್ ಮಾಡುವುದೆಂದರೆ ಅವರ ಮನೆಯ ಕುಕ್ಕರನ್ನು ಒಲೆಗೇರಿಸಿದಂತೆ. ನಾವು ಒಳಗೆ ಕಾಲಿಟ್ಟಾಗ ಅದು ಸೀಟಿ ಹೊಡೆಯುತ್ತಿತ್ತು.

"ಊಟ ಬೇಡ ಅಕ್ಕಾ, ಬೀಚ್ ನೋಡ್ಬೇಕು."

"ಬೀಚ್ ಎಲ್ಲಿಗ್ ಓಡ್ಹೋಗುತ್ತೆ? ಬೇಳೆ ಬೆಂದಾಯ್ತು, ಕೂತ್ಕೊಳ್ಳಿ."

ಬಿಸಿಬೇಳೆಬಾತಿನ ಹಿಂದೆ ಹಪ್ಪಳ, ಹಪ್ಪಳದ ಹಿಂದೆ ಕಾಫಿ, ಕಾಫಿಯ ಹಿಂದೆ ಮಗಳ ಭರತನಾಟ್ಯ ರಂಗಪ್ರವೇಶದ ಪೂರ್ತಿ ವಿಡಿಯೊ. ದೇವರಿಗಾದರೂ ಹದಿನಾರೇ ಉಪಚಾರ. ಕೊನೆಯಲ್ಲಿ ವಿಸರ್ಜನೆ ಮಾಡಿ ಬಿಟ್ಟುಬಿಡುತ್ತಾರೆ. ಮನುಷ್ಯ ಅತಿಥಿಗೆ ಆ ಸೌಲಭ್ಯವಿಲ್ಲ. ನಾನು ಕಿಟಕಿ ನೋಡುತ್ತಿದ್ದೆ, ಬೆಳಕು ಜಾರುತ್ತಿತ್ತು. ಗುರು, ಪಾಪಿ, ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದ. ಎದ್ದ ಮೇಲೂ ಬಾಗಿಲಲ್ಲಿ ನಿಂತು ಒಂದಿಷ್ಟು ಮಾತು. ಕಾರು ಹತ್ತಿದ ಮೇಲೆ ಕಿಟಕಿಯಲ್ಲಿ ಇನ್ನೊಂದಿಷ್ಟು.

ತೀರ ತಲುಪಿದಾಗ ಗುರು ಮೊಬೈಲಿನ ಟಾರ್ಚನ್ನು ಸಾಗರದತ್ತ ಹಿಡಿದ. ಬೆಳಕು ಅವನ ಬೂಟಿನಾಚೆ ಹೋಗಲಿಲ್ಲ.

"ಅಗೋ, ಸಮುದ್ರ!"

"ಎಲ್ಲೋ?"

"ಕೇಳಿಸ್ತಿಲ್ವಾ ನಿಂಗೆ?"

ಕೇಳಿಸುತ್ತಿತ್ತು. ನಾಯಿ ಹಿಡಿದು ಬಂದ ಮುದುಕರೊಬ್ಬರು "ಗ್ರ್ಯಾಂಡ್ ಈವ್ನಿಂಗ್" ಎಂದು ಹೋದರು. ನಾನು ಹಲ್ಲು ಕಚ್ಚಿಕೊಂಡು "ಗ್ರ್ಯಾಂಡ್" ಎಂದೆ.

ನಿನ್ನೆ ಪದ್ಮಕ್ಕನ ಫೋನು: "ಭಾನುವಾರ ಡಬ್ಲಿನ್ ನೋಡೋಕೆ ಬರ್ತಿದೀವಿ. ನಿಮ್ಮನೇಲಿ ಐದೇ ನಿಮಿಷ, ಏನೂ ಮಾಡ್ಬೇಡಿ."

ಹೋಳಿಗೆಗೆ ಬೇಳೆ ತಂದಿಟ್ಟಿದ್ದೇನೆ. ಪಾಪ, ಡಬ್ಲಿನ್ ಎಲ್ಲಿಗೆ ಓಡಿಹೋಗುತ್ತದೆ?