ಪ್ಲಾಸ್ಟಿಕ್ ಹೊದಿಸಿದ ಪತ್ರ

ತೊಂಬತ್ತರ ದಶಕದ ಕೊನೆ. ನಾನು ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಒಂದು ಭಾನುವಾರ ಕೂಡ್ಲಿಗಿಯ ನಮ್ಮ ಮನೆಗೆ, ತಂಗಿಯನ್ನು ನೋಡಲು, ಚಿಗಟೇರಿಯಿಂದ ಗಂಡಿನವರು ಬಂದರು. ಹುಡುಗ ಮತ್ತು ಅವನ ಅಪ್ಪ, ಇಬ್ಬರೇ. ಮಂಡಕ್ಕಿ ಒಗ್ಗರಣೆ ತಿಂದಾದ ಮೇಲೆ ಹುಡುಗನ ಅಪ್ಪ ಚೀಲದಿಂದ ಒಂದು ಪತ್ರ ತೆಗೆದರು. ಲ್ಯಾಮಿನೇಷನ್ ಮಾಡಿಸಿದ್ದರು.

“ದಾವಣಗೆರಿ ಮಿಲ್ಲಿನ ಸಾಹೇಬ್ರು ಬರ್ದು ಕೊಟ್ಟಾರ್ರಿ. ಇಂಗ್ಲೀಷಿನ್ಯಾಗ ಐತಿ.”

“ನಮ್ ಮೇಷ್ಟ್ರು ಅದಾರಲ್ರಿ, ಓದ್ತಾರ ತಗೊಳ್ರಿ,” ಎಂದು ನಮ್ಮಪ್ಪ ಅದನ್ನು ನನಗೆ ದಾಟಿಸಿದ.

ಮೂರೇ ಸಾಲು. ಶ್ರಮಜೀವಿ, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುತ್ತಾನೆ, ಇವನ ನಡತೆ ‘ರ‍್ಯಾಡಿಕಲಿ’ ಬದಲಾಗಿದೆ. ಅಲ್ಲಿ ನಿಂತೆ. ಅಂಗಿ ಬದಲಿಸಿದವನಿಗೆ ಈ ಪದ ಸಲ್ಲದು, ಬುಡವೇ ಬೇರೆಯಾದರೆ ಮಾತ್ರ ಬಳಸಬೇಕು ಎಂದು ತರಗತಿಯಲ್ಲಿ ಹೇಳುತ್ತಿದ್ದವನು ನಾನೇ. ‘ತುಂಬಾ ಒಳ್ಳೆಯವನು’ ಎಂದು ಮುಗಿಸಬಹುದಿತ್ತು. ಬಾಗಿಲ ಹಿಂದೆ ತಂಗಿಯ ಸೀರೆಯ ಅಂಚು ಕಾಣುತ್ತಿತ್ತು.

“ಬುಡದಿಂದಾನ ಬದಲಾಗ್ಯಾನ ಅಂತ ಬರ್ದಾರ,” ಎಂದೆ.

“ನೋಡ್ರಿ ಮತ್ತ! ಬುಡದಿಂದ!” ಹುಡುಗನ ಅಪ್ಪ ನಕ್ಕರು.

ನಮ್ಮಜ್ಜಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. “ಅಷ್ಟು ಬದಲಾಗಾಕ, ಮದ್ಲು ಹೆಂಗಿದ್ದನಪ್ಪಾ?”

“ಏ ಅಮ್ಮಾರ, ಸಾಹೇಬ್ರು ಹಂಗ ದೊಡ್ಡ ಮಾತು ಬರೀತಾರ ಬಿಡ್ರಿ. ಮೇಷ್ಟ್ರನ್ನ ಕೇಳ್ರಿ ಬೇಕಾರ.”

ಎಲ್ಲರೂ ನನ್ನನ್ನೇ ನೋಡಿದರು. “ಸಣ್ಣದಕ್ಕ ಈ ಮಾತು ಬರಿಯಂಗಿಲ್ರಿ,” ಎಂದೆ.

ತಂಗಿ ಹೊರಗೆ ಬಂದಳು. “ಕಾಗದಾನ ಏನ್ ಕೇಳ್ತೀರಿ? ಅವ್ರು ಇಲ್ಲೇ ಅದಾರಲ್ಲ.”

ಹುಡುಗ ತಲೆ ಎತ್ತಿದ. “ಸಿಟ್ಟು ಬಂದ್ರ ಕೈ ಮಾಡ್ತಿದ್ದೆ. ಮಿಲ್ಲಿನ್ಯಾಗ ಒಬ್ಬನ ಹಲ್ಲು ಉದುರಿಸಿದ್ದೆ. ಎಲ್ಡು ವರ್ಷಾತು, ಯಾರ ಮ್ಯಾಲೂ ಕೈ ಎತ್ತಿಲ್ಲ.”

“ಲೇ!” ಎಂದರು ಅವನ ಅಪ್ಪ.

ತಂಗಿ ಅವನ ಕೈಗಳನ್ನು ನೋಡಿದಳು. ಮೊಣಕಾಲ ಮೇಲೆ ಮಡಚಿಟ್ಟುಕೊಂಡಿದ್ದ. “ಬ್ಯಾಡಪ್ಪಾ,” ಎಂದು ನಮ್ಮಪ್ಪನಿಗೆ ಹೇಳಿ ಒಳಗೆ ಹೋದಳು.

ಹೊರಡುವಾಗ ಹುಡುಗ ಪತ್ರಕ್ಕೆ ಕೈ ಚಾಚಿದ.

“ಸಾರ್, ಆ ಮಾತು ಒಳ್ಳೇದಲ್ಲೇನ್ರಿ?”

“ಒಳ್ಳೇದ.”

“ಮತ್ತ ಯಾಕ ಯಾರೂ ನಂಬಲಿಲ್ರಿ?”

ನಾನು ಚಪ್ಪಲಿ ಹುಡುಕುವವನಂತೆ ಬಗ್ಗಿದೆ. ಅವನು ನಂಬಿಕೆಗೆ ಅರ್ಹನೋ ಅಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ. ಆಮೇಲೆ ಪಾಠದಲ್ಲಿ ಆ ಪದ ಬಂದಾಗಲೆಲ್ಲ ಊರು, ರಸ್ತೆ, ಹೊಲಗಳ ಉದಾಹರಣೆ ಕೊಟ್ಟಿದ್ದೇನೆ. ಮನುಷ್ಯರದು ಕೊಟ್ಟಿಲ್ಲ.