ನಕ್ಷೆ ರಾಯರ ಕೆಸರುಗದ್ದೆ

ಮೊದಲ ದಿನ ನಾನು ಕೆಲಸಕ್ಕೆ ಹೋದಾಗ ರಾಯರು ಸ್ಟೂಲಿನ ಮೇಲೆ ನಿಂತು ನೆಲಕ್ಕೆ ಹೆಸರುಕಾಳು ಉದುರಿಸುತ್ತಿದ್ದರು. ಪಕ್ಕದಲ್ಲಿ ಟೇಬಲ್ ಫ್ಯಾನು ಜೋರಾಗಿ ತಿರುಗುತ್ತಿತ್ತು. ಕೆಳಗೆ ಹಾಸಿದ್ದ ದೊಡ್ಡ ಕಾಗದದ ತುಂಬ ಕಾಳು ಚೆಲ್ಲಾಡಿತ್ತು. ಅರವತ್ತರ ಹತ್ತಿರದ ಗಂಡಸು. ತಲೆ ನೆಟ್ಟಗಿಲ್ಲ ಅಂದುಕೊಂಡು ಪೊರಕೆ ಕೈಗೆತ್ತಿಕೊಂಡೆ.

“ಗುಡಿಸ್ಬೇಡಿ ಮುನಿಯಮ್ಮ! ಅವರೆಲ್ಲ ಸೈನಿಕರು. ಈಗ ತಾನೆ ವಿಮಾನದಿಂದ ಹಾರಿದಾರೆ. ಗಾಳಿಗೆ ಯಾರ್ಯಾರು ಎಲ್ಲೆಲ್ಲಿ ಬಿದ್ರು ಅಂತ ಬರ್ಕೋಬೇಕು.”

ಬಗ್ಗಿ ನೋಡಿದೆ. ತರಗುಪೇಟೆಯ ಮಂಡಿಯಲ್ಲಿ ಹದಿನೈದು ವರ್ಷ ಕಾಳು ಕೇರಿದವಳು ನಾನು. “ನಿಮ್ಮ ಸೈನಿಕರಿಗೆ ಹುಳ ಬಿದ್ದೈತೆ ಸ್ವಾಮಿ,” ಎಂದೆ. ರಾಯರು ನಕ್ಕ ರಭಸಕ್ಕೆ ಸ್ಟೂಲು ಅಲ್ಲಾಡಿತು.

ಅವರು ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದವರು. ಮದುವೆಯಾಗಿರಲಿಲ್ಲ. ಚಾಮರಾಜಪೇಟೆಯಲ್ಲಿ ನಮ್ಮ ಬೀದಿಯ ಜನ ನಕ್ಷೆ ರಾಯರು ಎನ್ನುತ್ತಿದ್ದರು. ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಯಲ್ಲಿ ಅವರಿಗೆ ಪರದೇಶದ ಒಂದು ಆಟದ ಡಬ್ಬಿ ಸಿಕ್ಕಿತ್ತು. ಪ್ಯಾರಾಚೂಟಿನಲ್ಲಿ ಇಳಿದು ಯುದ್ಧ ಮಾಡುವ ಆಟ. ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳಿದ್ದ ನಕ್ಷೆ, ರಟ್ಟಿನ ಚೂರುಗಳು, ದಾಳ. ಡಬ್ಬಿಯಲ್ಲಿದ್ದ ಯುದ್ಧಗಳನ್ನೆಲ್ಲ ಆಡಿ ಮುಗಿಸಿದ ಮೇಲೆ ನಮ್ಮ ಕಡೆಯ ಯುದ್ಧಗಳನ್ನು ತಾವೇ ಕಟ್ಟಲು ಕೂತರು. ಕಟ್ಟುವುದೆಂದರೆ ಮನಸ್ಸಿಗೆ ಬಂದಂತೆ ಅಲ್ಲ. ನಡೆದದ್ದು ನಡೆದ ಹಾಗೇ ಇರಬೇಕು. ಎಷ್ಟು ಜನ ಹಾರಿದರು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ರಸ್ತೆ ಮಣ್ಣಿನದೋ ಡಾಂಬರಿನದೋ, ಎಲ್ಲ.

ಒಂದು ಸಲ ಯಾವುದೋ ಯುದ್ಧದ ರಾತ್ರಿ ಬೆಳದಿಂಗಳಿತ್ತೋ ಇಲ್ಲವೋ ತಿಳಿಯದೆ ಮೂರು ವಾರ ಕೆಲಸ ನಿಂತಿತು. ಆ ವರ್ಷದ ಪಂಚಾಂಗ ಹುಡುಕಿಕೊಂಡು ಬಸವನಗುಡಿಯ ಪುರೋಹಿತರ ಮನೆಗಳನ್ನೆಲ್ಲ ಸುತ್ತಿದರು. ಕೊನೆಗೆ ಒಬ್ಬರ ಅಟ್ಟದ ಮೇಲೆ ಸಿಕ್ಕಿತು. ಯಾರ ಜಾತಕಕ್ಕೆ ಎಂದು ಆ ಪುರೋಹಿತರು ಕೇಳಿದರಂತೆ. “ಒಟ್ಟು ನಲವತ್ತು ಜನರದ್ದು,” ಎಂದರಂತೆ ಇವರು. ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಕೂಗಿದರು: “ಶುಕ್ಲ ದ್ವಾದಶಿ, ಮುನಿಯಮ್ಮ! ಬೆಳಕಿತ್ತು! ಕೆಳಗಿದ್ದೋರಿಗೆ ಇವರು ಕಂಡಿರ್ತಾರೆ!” ನಾನು ಕೊಟ್ಟ ಕಾಫಿ ಕೆನೆಗಟ್ಟಿ ತಣ್ಣಗಾಯಿತು. ದಿನಾ ಹಾಗೇ.

ಅವರಿಗೆ ಶೇಷಗಿರಿ ಎಂದು ಒಬ್ಬ ಅಣ್ಣ. ಆತ ನಿಜಕ್ಕೂ ಸೇನೆಯಲ್ಲಿದ್ದು ವಿಮಾನದಿಂದ ಹಾರಿದವರು. ಮತ್ತಿಕೆರೆಯಲ್ಲಿ ಮಗಳ ಮನೆ. ತಿಂಗಳಿಗೊಂದು ಭಾನುವಾರ ಬರುತ್ತಿದ್ದರು. ಬಂದವರು ನಕ್ಷೆಗೆ ಬೆನ್ನು ಹಾಕಿ ಕೂರುತ್ತಿದ್ದರು, ಉಪ್ಪಿಟ್ಟು ತಿನ್ನುತ್ತಿದ್ದರು, ಹೋಗುತ್ತಿದ್ದರು. ಕಲ್ಲಿನಂಥ ಮನುಷ್ಯ. ನಾನು ಒಂದು ದಿನ ನೇರವಾಗಿ ಕೇಳಿಬಿಟ್ಟೆ: “ನಿಮ್ಮಣ್ಣಂಗೆ ಏನಾಗೈತೆ?”

ರಾಯರು ಹೇಳಿದರು. ಪೂರ್ವದ ಗಡಿಯ ಕಡೆ ಎಲ್ಲೋ ಒಂದು ಸೇತುವೆ. ಊರಿನ ಹೆಸರು ನನ್ನ ನಾಲಿಗೆಗೆ ನಿಲ್ಲಲಿಲ್ಲ. ಐದು ಜನ ಮೊದಲು ಹೋಗಿ ಸೇತುವೆ ಹಿಡಿದರು. ಶೇಷಗಿರಿರಾಯರ ಗುಂಪು ಬೇರೆ ಕಡೆ ಇಳಿದು, ನಡೆದು ಬಂದು ಅವರ ಜೊತೆ ಸೇರಬೇಕಿತ್ತು. ಸೇರುವಷ್ಟರಲ್ಲಿ ತಡವಾಗಿತ್ತು. ಐವರೂ ಸತ್ತಿದ್ದರು. ಮೇಲಿನವರು ಯಾರೂ ಬೈಯಲಿಲ್ಲ. ಆದರೆ ಈ ಮನುಷ್ಯ ಇಪ್ಪತ್ತೈದು ವರ್ಷದಿಂದ ಒಂದೇ ಮಾತು ಹೇಳುತ್ತಿದ್ದರು: “ನಾನು ಬೇಗ ಹೋಗಬಹುದಿತ್ತು.”

“ಅದಕ್ಕೇ ಆ ಯುದ್ಧಾನ ಇದ್ದ ಹಾಗೇ ಕಟ್ತಿದೀನಿ,” ಎಂದರು ರಾಯರು. “ಹೋಗಬಹುದಿತ್ತಾ ಇಲ್ವಾ, ನೋಡೇ ಬಿಡೋಣ.”

ಮುಂಗಾರಿನ ಎರಡು ತಿಂಗಳು ಆಡಿದರು. ಪ್ರತಿ ಸಲವೂ ರಟ್ಟಿನ ಶೇಷಗಿರಿ ಹೊತ್ತಿಗೆ ಸರಿಯಾಗಿ ಸೇತುವೆ ಸೇರುತ್ತಿದ್ದ. ಐವರೂ ಬದುಕುತ್ತಿದ್ದರು. ರಾಯರ ಮುಖ ಇಳಿದುಹೋಯಿತು. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯತೊಡಗಿತು.

“ಹೋಗಬಹುದಿತ್ತು, ಮುನಿಯಮ್ಮ. ಬರೀ ಬಯಲು.”

“ಬಯಲು ಅಂದ್ರೆ ಎಂಥದ್ದು?”

“ಭತ್ತದ ಗದ್ದೆ. ಡಬ್ಬಿ ನಿಯಮದಲ್ಲಿ ಗದ್ದೆಗೆ ಬೇರೆ ಲೆಕ್ಕ ಇಲ್ಲ. ಬಯಲು ಅಂತಲೇ.”

“ನಿಯಮ ಬರ್ದೋನು ಗದ್ದೆಗಿಳಿದಿದ್ನಾ? ನೀರಿತ್ತಾ ಅಂತ ಅಣ್ಣನ್ನ ಕೇಳಿದ್ರಾ?”

ಎದುರುಮನೆಯ ಫೋನಿನಿಂದ ಮತ್ತಿಕೆರೆಗೆ ಕೇಳಿದರು. ಮೊಣಕಾಲುದ್ದ ಕೆಸರು, ಎಂದು ಉತ್ತರ ಬಂತು.

ಮಾರನೆಯ ವಾರವೇ ಮಾಗಡಿ ಕಡೆಯ ನನ್ನ ತವರಿಗೆ ಬಸ್ಸು ಹತ್ತಿದೆವು. ಕೆರೆ ಕೆಳಗೆ ನನ್ನ ತಮ್ಮನ ಗದ್ದೆ ನಾಟಿಗೆ ಹದವಾಗಿತ್ತು. ರಾಯರು ಪಂಚೆ ಎತ್ತಿ ಕಟ್ಟಿ, ಇಪ್ಪತ್ತು ಕಿಲೋ ಅಕ್ಕಿಮೂಟೆ ಬೆನ್ನಿಗೆ ಬಿಗಿದುಕೊಂಡು, ಕೈಗಡಿಯಾರ ನೋಡಿ ಇಳಿದರು. ಎರಡನೇ ಹೆಜ್ಜೆಗೇ ಮಕಾಡೆ ಬಿದ್ದರು.

“ಅಕ್ಕಾ, ಈ ಯಪ್ಪನ್ನ ಎಲ್ಲಿಂದ ಹಿಡ್ಕಂಬಂದೆ? ಎಮ್ಮೆನಾದ್ರೂ ಏಳ್ತದೆ, ಈವಯ್ಯ ಏಳಾಕಿಲ್ಲ,” ಎಂದ ನನ್ನ ತಮ್ಮ.

ಎದ್ದರು. ಮತ್ತೆ ಬಿದ್ದರು. ನೂರು ಗಜ ದಾಟಲು ಹದಿನೇಳು ನಿಮಿಷ ಹಿಡಿಯಿತು. ಇಷ್ಟೇ ಸಾಕು, ಬರೆದುಕೊಳ್ಳಿ, ನಿಮ್ಮಣ್ಣ ಬಚಾವಾದ, ಎಂದೆ. ಮೈಯೆಲ್ಲ ಕೆಸರಾಗಿದ್ದ ರಾಯರು ತಲೆ ಅಲ್ಲಾಡಿಸಿದರು. “ನಾನು ಮುದುಕ. ಅವನಿಗಾಗ ಮೂವತ್ತಾರು. ನಿಮ್ಮ ತಮ್ಮ ಹೊತ್ಕೊಂಡು ನಡೀಲಿ.” ಗದ್ದೆಯಲ್ಲೇ ಬೆಳೆದ ನನ್ನ ತಮ್ಮ ಬೀಡಿ ಸೇದುತ್ತಲೇ ಒಂಬತ್ತು ನಿಮಿಷಕ್ಕೆ ಮುಗಿಸಿದ. ರಾಯರು ಬರೆದುಕೊಂಡದ್ದು ಆ ಒಂಬತ್ತನ್ನೇ. ನನಗೆ ಮೈ ಉರಿಯಿತು.

ಹೊಸ ನಿಯಮ ಇಟ್ಟುಕೊಂಡು ಹತ್ತು ಸಲ ಆಡಿದರು. ಎಂಟು ಸಲ ಶೇಷಗಿರಿ ತಡವಾಗಿ ಹೋದ. ಎರಡು ಸಲ ಹೊತ್ತಿಗೆ ಹೋದ.

“ಎಂಟು ಹೇಳಿ, ಎರಡು ನುಂಗ್ಕಳಿ,” ಎಂದೆ.

“ಅದು ಹೇಗಾಗತ್ತೆ?”

“ಬಾಯಿ ಮುಚ್ಕಂಡ್ರೆ ಆಯ್ತದೆ.”

“ಹತ್ತಕ್ಕೆ ಹತ್ತು ಅಂದ್ರೆ ನಾನು ಸುಳ್ಳು ಹೇಳ್ತಿದೀನಿ ಅಂತ ಅವನಿಗೆ ಗೊತ್ತಾಗಿಬಿಡತ್ತೆ. ಆಮೇಲೆ ಎಂಟನ್ನೂ ನಂಬಲ್ಲ.”

ಆ ಭಾನುವಾರ ನಾನು ಬೇಕೆಂತಲೇ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದೆ. ರಾಯರು ಗದ್ದೆ, ಮೂಟೆ, ಒಂಬತ್ತು ನಿಮಿಷ ಎಲ್ಲ ಹೇಳಿದರು. ಎಂಟು ಹೇಳಿದರು. ಎರಡನ್ನೂ ಹೇಳಿದರು. ಶೇಷಗಿರಿರಾಯರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. ಕೆಡಿಸಿಬಿಟ್ಟೆಯಲ್ಲೋ ಮಹಾರಾಯ, ಎಂದು ನಾನು ಒಳಗೇ ಬೈದುಕೊಂಡೆ. ಆಮೇಲೆ ಆತ ಕುರ್ಚಿಯನ್ನು ನಕ್ಷೆಯ ಕಡೆ ತಿರುಗಿಸಿಕೊಂಡರು.

“ಕಾಲುವೆ ಎಲ್ಲೋ?”

“ಯಾವ ಕಾಲುವೆ?”

“ಗದ್ದೆ ಮುಗಿದ ಮೇಲೆ ಕಾಲುವೆ ಇತ್ತು ಕಣೋ, ಪೆದ್ದೇ. ನನ್ನ ಗುಂಪಿನ ಒಬ್ಬ ಹುಡುಗ ಅದರಲ್ಲಿ ಬಿದ್ದ. ಬೆನ್ನ ಮೇಲೆ ಭಾರ, ಮುಳುಗ್ತಿದ್ದ. ಅವನನ್ನ ಎತ್ತಕ್ಕೆ ಎಲ್ಲರನ್ನೂ ನಿಲ್ಲಿಸಿದೆ. ಬಿಟ್ಟು ಹೋಗಿದ್ರೆ, ನೀನು ಹೇಳಿದ ಆ ಎರಡು ಸಲದ ಹಾಗೆ ಸೇರ್ತಿದ್ದೆ.”

“ಹುಡುಗ ಬದುಕಿದ್ನಾ?”

“ಹಾಸನದಲ್ಲಿ ಅಂಗಡಿ ಇಟ್ಟಿದಾನೆ. ವರ್ಷಾ ವರ್ಷಾ ಕಾಗದ ಹಾಕ್ತಾನೆ. ನಾನು ಒಂದಕ್ಕೂ ಉತ್ತರ ಬರೆದಿಲ್ಲ.”

ರಾಯರು ನೀಲಿ ಬಣ್ಣದಲ್ಲಿ ಕಾಲುವೆ ಎಳೆದರು. ನಿಲ್ಲುವುದೋ ಹೋಗುವುದೋ ಆಡುವವರಿಗೆ ಬಿಟ್ಟದ್ದು, ಎಂದು ಪಕ್ಕದಲ್ಲಿ ಬರೆದರು. ಆಮೇಲೆ ಮನೆಗೆ ಬಂದು ಈ ಆಟ ಆಡಿದ ಬೀದಿಯ ಹುಡುಗರಲ್ಲಿ ಬಹಳ ಜನ ಕಾಲುವೆ ಹತ್ತಿರ ನಿಲ್ಲದೆ ಹೋದರು. ರಾಯರು ಅವರಿಗೆ ಏನೂ ಅನ್ನುತ್ತಿರಲಿಲ್ಲ. ಅಣ್ಣ ಮಾತ್ರ ಅಂದಿನಿಂದ ವಾರವಾರವೂ ಬರತೊಡಗಿದರು. ಆ ಐವರು ಯಾರು, ಯಾವ ಊರಿನವರು, ಯಾರಿಗೆ ಗೊರಕೆ ಜಾಸ್ತಿ ಎಂದೆಲ್ಲ ಹೇಳುತ್ತಿದ್ದರು. ಕೇಳಿ ಕೇಳಿ ನನಗೇ ಬಾಯಿಪಾಠವಾಗಿತ್ತು.

ಏಳೆಂಟು ವರ್ಷದ ಮೇಲೆ ರಾಯರು ಆಸ್ಪತ್ರೆ ಸೇರಿದರು. ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋದೆ. ಮುಖ ಚಿಕ್ಕದಾಗಿತ್ತು.

“ಎರಡು ನುಂಗ್ಕೊಳ್ಳಿ ಅಂದಿದ್ರಿ ನೀವು. ಈಗೇನಂತೀರಿ?”

“ಈಗ್ಲೂ ನಾನಾಗಿದ್ರೆ ಹೇಳ್ತಿರಲಿಲ್ಲ. ನೀವು ಹೇಳಿದ್ದು ಒಳ್ಳೇದಾಯ್ತು.”

ನಗಲು ಹೋಗಿ ಕೆಮ್ಮಿದರು. ಗಂಜಿ ಕುಡಿಯಲಿಲ್ಲ. ಅದೇ ಕೊನೆ.

ಹೆಣ ಎತ್ತುವಾಗ ಹೆಗಲು ಕೊಟ್ಟವರಲ್ಲಿ ನಾನು ಕಾಣದ ಒಬ್ಬ ನರೆತ ತಲೆಯವನಿದ್ದ. ಶೇಷಗಿರಿ ಸಾಹೇಬ್ರು ಫೋನ್ ಮಾಡಿಸಿದ್ರು, ಹಾಸನದಿಂದ ಬೆಳಗಿನ ಬಸ್ಸಿಗೆ ಬಂದೆ, ಎಂದ. ಎಲ್ಲರೂ ಚಾಮರಾಜಪೇಟೆಯ ಸ್ಮಶಾನದಿಂದ ವಾಪಸಾದ ಮೇಲೆ ಅವನಿಗೆ ಕೈಕಾಲಿಗೆ ನೀರು ಕೊಟ್ಟೆ.

“ಆ ಕಾಲುವೆ ಎಷ್ಟು ಆಳ ಇತ್ತಪ್ಪ?” ಎಂದು ಕೇಳಿದೆ.

“ಕಾಲಿಗೆ ನೆಲ ಸಿಗ್ಲಿಲ್ಲಮ್ಮ,” ಎಂದ.

ಬರೆದುಕೊಳ್ಳಲು ರಾಯರು ಇರಲಿಲ್ಲ.