ಕೊನೆಯ ಬೋರಿಗೆ ನಾಲ್ಕು ಮುಚ್ಚಳ ಎಣ್ಣೆ

ಬ್ಯಾಡಗಿಯಲ್ಲಿ ಹುಟ್ಟಿದ ಹೆಂಗಸಿಗೆ ಅಳತೆಯ ಲೋಟ ಬೇಕಾಗುವುದಿಲ್ಲ ಎಂಬ ಸೊಕ್ಕು ನನಗಿತ್ತು. ಮನೆಯಲ್ಲೇ ಮಸಾಲೆ ಖಾರ ಮಾಡಿ ಹಾವೇರಿ, ರಾಣೆಬೆನ್ನೂರಿನ ಮನೆಗಳಿಗೆ ಮುಟ್ಟಿಸಿ ಬರುವುದು ನನ್ನ ಕಸುಬು. ಮೆಣಸಿನಕಾಯಿ, ಕೊತ್ತಂಬರಿ, ಒಣಕೊಬ್ಬರಿ, ಬೆಳ್ಳುಳ್ಳಿ, ಎಣ್ಣೆ, ಎಲ್ಲವೂ ಕಣ್ಣಳತೆ. ಇಷ್ಟು ವರ್ಷದಲ್ಲಿ ರುಚಿ ಬದಲಾಯಿತು ಎಂದು ಒಬ್ಬರೂ ಅಂದಿಲ್ಲ. ಅದೇ ಸೊಕ್ಕಿನಲ್ಲಿ ನನ್ನ ಸ್ಕೂಟರಿಗೂ ಎಣ್ಣೆ ಹಾಕುತ್ತಿದ್ದೆ.

ಅದು ಹಳೆಯ ಟೂ-ಸ್ಟ್ರೋಕ್ ಸ್ಕೂಟರ್. ಪೆಟ್ರೋಲಿಗೇ ಎಣ್ಣೆ ಬೆರೆಸಿ ಟ್ಯಾಂಕಿಗೆ ಸುರಿಯಬೇಕು. ಒಳಗಿನ ಪಿಸ್ಟನ್ ಸರಾಗವಾಗಿ ಜಾರುವುದು ಆ ಎಣ್ಣೆಯಿಂದಲೇ. ಖಾರ ಮಾರಿದ ದುಡ್ಡಿನಲ್ಲಿ ನಾನೇ ಕೊಂಡೆ, ಮೂವತ್ತೆಂಟನೇ ವಯಸ್ಸಿನಲ್ಲಿ. ಮೆಣಸಿನಕಾಯಿ ಮಾರ್ಕೆಟ್ಟಿಗೆ ರಜೆಯಿದ್ದ ದಿನ ಅದರ ಖಾಲಿ ಅಂಗಳದಲ್ಲಿ ಕಲಿತೆ, ಮೊದಲ ದಿನವೇ ಚೀಲದ ರಾಶಿಗೆ ಗುದ್ದಿದೆ. ಅಲ್ಲಿಯವರೆಗೆ ನನ್ನ ವ್ಯಾಪಾರವೆಲ್ಲ ಬಸ್ಸಿನ ಕೈಯಲ್ಲಿತ್ತು. ಬಸ್ಸು ತಪ್ಪಿದರೆ ಖಾರದ ಚೀಲ ಹೊತ್ತು ಮನೆಗೆ ವಾಪಸು. ಆ ದಿನಗಳಿಗೆ ಮರಳಿ ಹೋಗುವ ಮನಸ್ಸು ನನಗೆ ಎಳ್ಳಷ್ಟೂ ಇರಲಿಲ್ಲ.

ಖಾರಕ್ಕೆ ಎಣ್ಣೆ ಒಂದು ಕೈ ಹೆಚ್ಚಾದರೆ ಬಾಳಿಕೆ ಬರುತ್ತದೆ. ಇಂಜಿನ್ನಿಗೂ ಅದೇ ನ್ಯಾಯ ಎಂದುಕೊಂಡು ಧಾರಾಳವಾಗಿ ಸುರಿದೆ. ಪ್ಲಗ್ಗಿಗೆ ಮಸಿ ಕಟ್ಟಿತು, ಓಣಿ ತುಂಬ ಹೊಗೆ. ನಮ್ಮ ಮನೆಯವರು ಅದೇ ಮಾರ್ಕೆಟ್ಟಿನಲ್ಲಿ ತೂಕ ಮಾಡುವವರು. ಒಂದು ದಿನ ಮೂಗಿಗೆ ಟವೆಲ್ ಹಿಡಿದು, "ಸೊಳ್ಳಿ ಹೊಗಿ ಹೊಡ್ಯಾಕ ಮುನಿಸಿಪಾಲ್ಟಿಯವರು ಬಂದಾರೇನಂತ ಮಂದಿ ಕೇಳಾಕತ್ತಾರ" ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮರುದಿನದಿಂದ ಎಣ್ಣೆ ಕಡಿಮೆ ಮಾಡಿದೆ. ಎಷ್ಟು ಕಡಿಮೆ ಎಂದರೆ, ಅದೂ ಕಣ್ಣಳತೆಯೇ. ವಾರ ಕಳೆಯುವುದರೊಳಗೆ ರಾಣೆಬೆನ್ನೂರಿನ ಹೊರಗೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಇಂಜಿನ್ ಹಿಡಿದುಕೊಂಡಿತು. ಹಿಂದಿನ ಚಕ್ರ ರಸ್ತೆಗೆ ಉಜ್ಜುತ್ತಾ ಹೋಗಿ ನಿಂತಿತು, ನಾನು ಬೀಳದೆ ಉಳಿದದ್ದೇ ದೊಡ್ಡದು.

ರಾಣೆಬೆನ್ನೂರಿನಲ್ಲಿ ಇಂಥ ಗಾಡಿಗಳನ್ನು ಇನ್ನೂ ಮುಟ್ಟುವ ಒಬ್ಬ ಮೇಸ್ತ್ರಿ ಇದ್ದಾರೆ. ಮನೆಯಲ್ಲಿ ಉರ್ದು, ಗಿರಾಕಿಗಳ ಜೊತೆ ನಮ್ಮದೇ ಕನ್ನಡ. ಇಂಜಿನ್ ಬಿಚ್ಚಿ, ಗೀರು ಬಿದ್ದ ಸಿಲಿಂಡರನ್ನು ನನ್ನ ಕೈಗೇ ಕೊಟ್ಟರು.

"ಅಕ್ಕಾರ, ಇದನ್ನ ಇನ್ನ ಒಂದ ಸಲ ಕೊರದು ದೊಡ್ಡ ಪಿಸ್ಟನ್ ಹಾಕಬಹುದು. ಇದ ಕಡೀ ಬೋರ್ ನೋಡ್ರಿ. ಹೊಸಾ ಸಿಲಿಂಡರ್ ಈಗ ಎಲ್ಲೂ ಸಿಗಂಗಿಲ್ಲ. ಇನ್ನೊಮ್ಮಿ ಹಿಡೀತಂದ್ರ ಸೀದಾ ಗುಜರಿಗೆ ಹಾಕ್ರಿ."

ಎಣ್ಣೆ ಎಷ್ಟು ಹಾಕುತ್ತಿದ್ದಿರಿ ಎಂದು ಕೇಳಿದರು. ಅಂದಾಜಿನ ಮೇಲೆ ಎಂದೆ. ಅವರಿಗೆ ನಗು ತಡೆಯಲಾಗಲಿಲ್ಲ.

"ಖಾರಕ್ಕ ಅಂದಾಜ ನಡೀತದ್ರಿ. ಕಡಿಮಿ ಬಿದ್ರ ರುಚಿ ನೋಡಿ ಮ್ಯಾಲ ಹಾಕ್ತೀರಿ. ಇಂಜಿನ್ನಿಗೆ ಕಡಿಮಿ ಬಿದ್ದದ್ದು ತಿಳಿಯೂದು ಅದು ಸತ್ತ ಮ್ಯಾಲನ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಸಿಲಿಂಡರ್ ಕೊರೆದು ಹೊಸ ಪಿಸ್ಟನ್ ಕೂರಿಸಿ, ಅವರು ಕೆಮ್ಮಿನ ಔಷಧದ ಬಾಟಲಿಯ ಒಂದು ಮುಚ್ಚಳ ಕೊಟ್ಟರು. ಒಂದು ಮುಚ್ಚಳಕ್ಕೆ ಹತ್ತು ಎಂ.ಎಲ್. ಮೊದಲ ಸಾವಿರ ಕಿಲೋಮೀಟರು ಲೀಟರಿಗೆ ನಾಲ್ಕು ಮುಚ್ಚಳ, ಆಮೇಲೆ ಎರಡು. ವೇಗ ನಲವತ್ತು ದಾಟಕೂಡದು. ಊರಿಗೆ ಬಂದರೆ ಹತ್ತು ಮಂದಿ ಹತ್ತು ಲೆಕ್ಕ. ಹಾವೇರಿಯ ಪೆಟ್ರೋಲ್ ಬಂಕಿನವನು ಮೊದಲಿನಿಂದಲೂ ಎರಡೇ ಸಾಕು ಎಂದ. ಪಕ್ಕದ ಮನೆಯ ಹಳೇ ಡ್ರೈವರ್ ಐದಾದರೂ ಬೇಕು ಎಂದರು. ನಾನು ಯಾರ ಮಾತಿಗೂ ಅಲುಗಾಡಲಿಲ್ಲ. ಮುಚ್ಚಳದ ಅಂಚಿಗೆ ಸರಿಯಾಗಿ ಎಣ್ಣೆ ತುಂಬಿ, ಪೆಟ್ರೋಲಿನಲ್ಲಿ ಕಲಕಿ, ಆಮೇಲಷ್ಟೇ ಟ್ಯಾಂಕಿಗೆ ಸುರಿಯುತ್ತಿದ್ದೆ. ವಾರಕ್ಕೊಮ್ಮೆ ಪ್ಲಗ್ ಬಿಚ್ಚಿ ನೋಡುತ್ತಿದ್ದೆ. ಹುರಿದ ಕೊತ್ತಂಬರಿಯ ಬಣ್ಣವಿದ್ದರೆ ನೆಮ್ಮದಿ.

"ಇನ್ನೊಮ್ಮಿ ದಾರ್‍ಯಾಗ ನಿಂತ್ರ ಗುಜರಿಯಾಂವನ್ನ ನಾನ ಕರ್ಕೊಂಡ ಬರ್ತೇನಿ" ಎಂದರು ಮನೆಯವರು.

"ಬರ್ರಿ. ನನ್ನೂ ಅದರ ಜೋಡಿ ತೂಕಕ್ಕ ಹಾಕ್ರಿ" ಎಂದೆ.

ಆರು ನೂರು ಕಿಲೋಮೀಟರು ದಾಟಿದಾಗ ಗಳಗನಾಥದಿಂದ ಮದುವೆ ಮನೆಯ ಆರ್ಡರು ಬಂತು, ಹನ್ನೆರಡು ಕಿಲೋ ಖಾರ. ಎಣ್ಣೆಯ ಬಾಟಲಿ ಯಾವಾಗಲೂ ಡಿಕ್ಕಿಯಲ್ಲೇ ಇರುತ್ತಿತ್ತು. ಖಾರ ಬೇರೆ ವಾಸನೆಯನ್ನು ಬಲು ಬೇಗ ಹಿಡಿಯುತ್ತದೆ ಎಂದು ಆ ದಿನ ಬಾಟಲಿ, ಮುಚ್ಚಳ ಎರಡನ್ನೂ ತೆಗೆದು ಅಡುಗೆಮನೆಯ ಗೋಡೆಯ ಮಾಡದಲ್ಲಿಟ್ಟು ಹೊರಟೆ. ಗುತ್ತಲ ದಾಟಿ ಸ್ವಲ್ಪ ದೂರ ಹೋಗಿದ್ದೆ, ಗಾಡಿ ಕೆಮ್ಮಿ ಕೆಮ್ಮಿ ನಿಂತಿತು. ಮತ್ತೆ ಹಿಡಿದುಕೊಂಡಿತು ಎಂದುಕೊಂಡೆ. ಕಿಕ್ ಒತ್ತಿ ನೋಡಿದೆ, ಸಲೀಸಾಗಿ ಇಳಿಯಿತು. ಇಂಜಿನ್ ಹಿಡಿದಿರಲಿಲ್ಲ, ಪೆಟ್ರೋಲ್ ತೀರಿತ್ತು. ಹಿಂದಿನ ಸಲ ತಿರುಗಿಸಿದ್ದ ಪೆಟ್ರೋಲಿನ ಕೀಲಿಯನ್ನು ರಿಸರ್ವಿನಲ್ಲೇ ಮರೆತಿದ್ದೆ, ಕಡೆಯ ಹನಿಯೂ ಮುಗಿದಿತ್ತು.

ಬೈಕಿನಲ್ಲಿ ಬಂದ ಒಬ್ಬ ರೈತ ಗುತ್ತಲಕ್ಕೆ ಹೋಗಿ ಬಾಟಲಿಯಲ್ಲಿ ಒಂದು ಲೀಟರ್ ಪೆಟ್ರೋಲ್ ತಂದುಕೊಟ್ಟ. ಟೂ-ಸ್ಟ್ರೋಕ್ ಎಣ್ಣೆಯನ್ನೂ ಕೇಳಿ ಬಂದಿದ್ದ. ಈಗ ಅದನ್ನು ಯಾರು ಒಯ್ಯುತ್ತಾರೆ ಎಂದರಂತೆ ಅಂಗಡಿಯವರು.

"ಹಂಗ ಹಾಕ್ಕೊಂಡ ನಡೀರಿ ಅಕ್ಕಾರ. ಗಳಗನಾಥ ಇಲ್ಲೇ ಐತಿ. ಇಷ್ಟಕ್ಕ ಏನಾಗಂಗಿಲ್ಲ."

"ಎಣ್ಣಿ ಇಲ್ಲದ ಹಾಕಂಗಿಲ್ಲರಿ."

"ನಮ್ಮ ಟ್ರ್ಯಾಕ್ಟರಿನ ಎಣ್ಣಿ ತರ್ಲೇನು?"

"ಬ್ಯಾಡ್ರಿ."

ಅಷ್ಟರಲ್ಲಿ ಮದುವೆ ಮನೆಯಿಂದ ಫೋನು, ಅಡುಗೆಯವರು ಕಾಯುತ್ತಿದ್ದಾರೆ ಎಂದು. ನಿಜ ಹೇಳುತ್ತೇನೆ, ಬಾಟಲಿಯ ಬಿರಡೆ ಬಿಚ್ಚಿ ಟ್ಯಾಂಕಿನ ತನಕ ಕೈ ಒಯ್ದಿದ್ದೆ. ಸ್ವಲ್ಪವೇ ದೂರ, ಏನಾದೀತು? ಇದೇ ಅಂದಾಜು ಅಲ್ಲವೇ ಮೊದಲೊಮ್ಮೆ ಮುಳುಗಿಸಿದ್ದು ಎಂದು ನೆನಪಾಗಿ ಕೈ ಹಿಂದಕ್ಕೆ ಬಂತು. ಖಾರದ ಚೀಲ ಇಳಿಸಿ, ಮದುವೆ ಮನೆಗೆ ಮುಟ್ಟಿಸಿರಿ ಎಂದು ರೈತನ ಬೈಕಿಗೆ ಕಟ್ಟಿದೆ.

"ಮಾಲು ಕಳಿಸಿ ಗಾಡಿ ಕಾಕೊಂತ ಕುಂದ್ರತೀರೇನ್ರಿ?" ಎಂದು ಆತ ಬೆರಗಾದ.

"ಖಾರಾ ನಾಳೆ ಮತ್ತ ಕುಟ್ಟಬಹುದು. ಬೋರ್ ಕುಟ್ಟಾಕ ಬರಂಗಿಲ್ಲ."

ಆತ ಹೋದ ಮೇಲೆ ಉಳಿದದ್ದು ಎಲ್ಲಕ್ಕಿಂತ ಕಷ್ಟದ ಕೆಲಸ: ಮನೆಯವರಿಗೆ ಫೋನು. ಗಾಡಿ ನಿಂತಿದೆ, ಮಾಡದಲ್ಲಿರುವ ಎಣ್ಣೆ ತನ್ನಿ ಎಂದೆ. ಅವರು "ಅಲ್ಲೇ ಇರು" ಎಂದಷ್ಟೇ ಹೇಳಿ ಇಟ್ಟರು. ಬೇವಿನ ಮರದ ಕೆಳಗೆ ಎರಡು ತಾಸು ಕುಳಿತೆ. ಖಾರ ಮುಟ್ಟಿತು ಎಂದು ಮದುವೆ ಮನೆಯಿಂದ ಫೋನು ಬಂತು. ಗುತ್ತಲದ ಕಡೆಯಿಂದ ಟೆಂಪೋ ಬಂದಾಗಲೆಲ್ಲ ಗುಜರಿಯವನನ್ನು ಕರೆದುಕೊಂಡೇ ಬಂದರು ಎಂದುಕೊಳ್ಳುತ್ತಿದ್ದೆ. ತಳ್ಳಿಕೊಂಡಾದರೂ ಹೋಗುತ್ತೇನೆ, ಕೊಡುವುದಿಲ್ಲ ಎಂದು ಹ್ಯಾಂಡಲ್ ಹಿಡಿದೇ ಕುಳಿತಿದ್ದೆ.

ಅವರು ಬೈಕಿನಲ್ಲಿ ಒಬ್ಬರೇ ಬಂದರು. ಎಣ್ಣೆಯ ಬಾಟಲಿ ಕೊಡದೆ ತಾವೇ ಹಿಡಿದುಕೊಂಡು ಅಂಗಿಯ ಜೇಬಿನಿಂದ ಕರವಸ್ತ್ರ ತೆಗೆದರು. ಅದರೊಳಗೆ ಮುಚ್ಚಳವಿತ್ತು. ಗಡಿಬಿಡಿಯಲ್ಲಿ ನಾನು ಮುಚ್ಚಳದ ಮಾತೇ ಎತ್ತಿರಲಿಲ್ಲ.

ತಕ್ಕಡಿಯ ಮುಳ್ಳು ನೋಡುವ ಹಾಗೆ ಮುಚ್ಚಳವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಎಣ್ಣೆ ತುಂಬಿದರು. ನಮ್ಮಲ್ಲಿ ತೂಕದವರು ಮೊದಲ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಮಾರ್ಕೆಟ್ಟಿನಲ್ಲಿ ಮಾಲಿನ ಮುಂದೆ ನಿಂತಾಗ ಹೇಳುವ ಅದೇ ಗಟ್ಟಿ ದನಿಯಲ್ಲಿ ಎಣಿಸಿದರು: "ಲಾಭ... ಎರಡು... ಮೂರು... ನಾಕು." ಪೆಟ್ರೋಲಿನ ಬಾಟಲಿಗೆ ಬೆರೆಸಿ, ಕುಲುಕಿ, ಟ್ಯಾಂಕಿಗೆ ಸುರಿದರು. ಎರಡನೇ ಕಿಕ್ಕಿಗೆ ಗಾಡಿ ಚಾಲೂ ಆಯಿತು.

"ನೀ ಮುಂದ ನಡಿ" ಎಂದರು. "ನಾಲ್ವತ್ತರ ಮ್ಯಾಲ ಓಡಿಸಬ್ಯಾಡ."

ಗುತ್ತಲದಲ್ಲಿ ಪೆಟ್ರೋಲ್ ತುಂಬಿಸಿ, ಹಾವೇರಿ ದಾಟಿ ಬ್ಯಾಡಗಿಯವರೆಗೂ ನಲವತ್ತು ಮೀರಲಿಲ್ಲ. ಲಾರಿ, ಟ್ರ್ಯಾಕ್ಟರು, ಕಾಲೇಜು ಹುಡುಗಿಯರ ಸ್ಕೂಟರು, ಎಲ್ಲ ನಮ್ಮನ್ನು ದಾಟಿ ಹೋದವು. ಅವರ ಬೈಕಿಗೆ ನನ್ನನ್ನು ದಾಟಿ ಮುಂದೆ ಹೋಗುವುದು ಒಂದು ಗಳಿಗೆಯ ಕೆಲಸ. ಕನ್ನಡಿಯಲ್ಲಿ ಆಗಾಗ ನೋಡುತ್ತಿದ್ದೆ: ಮೂಗಿಗೆ ಟವೆಲ್ ಕಟ್ಟಿಕೊಂಡು, ನನ್ನ ನಾಲ್ಕು ಮುಚ್ಚಳದ ಹೊಗೆಯಲ್ಲೇ ಹಿಂದೆ ಹಿಂದೆ ಬರುತ್ತಿದ್ದರು.